ನಾಲ್ಕು ನಿಮಿಷದ ಹಳ್ಳಿ

ನಮ್ಮ ಮನೆಗೆ ಬೆಂಗಳೂರಿನಿಂದ ಓದಿದವರು ಯಾರಾದರೂ ಬಂದು ಎರಡು ದಿನ ಇದ್ದು ಹೋದರೆ, ಮುಂದಿನ ಹದಿನೈದು ದಿನ ನಮಗೆ ಟೀವಿ ಹಾಕುವ ಅಗತ್ಯ ಬೀಳುವುದಿಲ್ಲ. ಅಷ್ಟು ನಗು ಬಿಟ್ಟು ಹೋಗಿರುತ್ತಾರೆ. ಅಂಥ ಪ್ರಸಂಗಗಳಲ್ಲೆಲ್ಲ ನನ್ನ ಮೈದುನ ಸಿನಿಮಾ ತೆಗೆದ ಪ್ರಸಂಗ ಮಾತ್ರ ಎಷ್ಟು ಸಲ ಹೇಳಿದರೂ ಹಳತಾಗುತ್ತಿಲ್ಲ.

ನಮ್ಮದು ಹಾರೋಹಳ್ಳಿ ಹತ್ತಿರದ ಹಳ್ಳಿ. ನಮ್ಮನೆಯವರು ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ನಾನೂ ಅತ್ತೆಯೂ ರೇಷ್ಮೆ ಹುಳ ಸಾಕುತ್ತೇವೆ. ಮೈದುನ ಬೆಂಗಳೂರಿನಲ್ಲಿ ಸಿನಿಮಾ ಮಾಡುವುದನ್ನು ಓದುತ್ತಿದ್ದ. ಓದುತ್ತಿದ್ದ ಅನ್ನುವುದಕ್ಕಿಂತ ಅಲ್ಲಿದ್ದ ಅನ್ನುವುದು ಸರಿ, ಏಕೆಂದರೆ ಆಗಲೇ ಒಂದು ಸಲ ಫೇಲಾಗಿದ್ದ. ಈ ಸಲ ಒಂದು ಸಿನಿಮಾದ ಮೊದಲ ನಾಲ್ಕು ನಿಮಿಷವನ್ನು ತೆಗೆದು ತೋರಿಸಬೇಕಿತ್ತು. ಕಾಲೇಜಿನವರು ಕ್ಯಾಮೆರಾ ಕೊಡುವುದು ಒಂದು ಶನಿವಾರ, ಒಂದು ಭಾನುವಾರ, ಅಷ್ಟೆ.

ನಮ್ಮನೆಯವರು ತಮ್ಮನಿಗೆ ಒಂದೇ ಮಾತು ಹೇಳಿದ್ದರು: "ಈ ಸಲಾನೂ ಫೇಲಾದ್ರೆ ಗಂಟುಮೂಟೆ ಕಟ್ಕೊಂಡು ಬಂದ್ಬುಡು. ಪ್ಯಾಕಿಂಗ್ ಸೆಕ್ಷನ್ನಲ್ಲಿ ಒಂದು ಜಾಗ ಐತೆ. ಸೂಪರ್‌ವೈಸರ್ ಹತ್ರ ಮಾತಾಡಿವ್ನಿ."

ಅವನು ಪಾಸಾಗಲಿ ಎಂದು ಅವನಿಗಿಂತ ಹೆಚ್ಚಾಗಿ ಬೇಡಿಕೊಂಡವಳು ನಾನು. ಮನೆಗೆ ಬಂದು ಕೂತರೆ ನನ್ನ ಒಗ್ಗರಣೆಗೂ ಡೈರೆಕ್ಷನ್ ಕೊಡುವವನೇ ಅವನು.

ಹಳ್ಳಿ ಎಲ್ಲಿದೆ?

ಶೂಟಿಂಗಿಗೆ ಎರಡು ವಾರ ಮೊದಲು ಮೈದುನ ಜಾಗ ನೋಡಲು ಬಂದ. ಜೊತೆಗೆ ಇಬ್ಬರು. ಒಬ್ಬ ಕ್ಯಾಮೆರಾದವನು, ತಲೆಯ ಹಿಂದೆ ನನ್ನ ಮಗಳ ಜಡೆಗಿಂತ ಉದ್ದನೆಯ ಜುಟ್ಟು. ಇನ್ನೊಬ್ಬಳು ಹುಡುಗಿ, ನಾವು ಕೆಮ್ಮಿದರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವಳು.

ಜುಟ್ಟಿನವನು ನಮ್ಮ ಮನೆಯನ್ನು ಎರಡು ಸುತ್ತು ಬಂದು ಮುಖ ಸಣ್ಣಗೆ ಮಾಡಿಕೊಂಡ. "ಇದು ಹಳ್ಳಿ ಥರ ಕಾಣ್ತಾ ಇಲ್ಲ."

"ಮತ್ತೆ ಏನು ಥರ ಕಾಣ್ತದೆ?" ಅಂದೆ.

"ಆರ್‌ಸಿಸಿ ಮನೆ, ಡಿಶ್ಶು, ಪ್ಲಾಸ್ಟಿಕ್ ಚೇರು... ನಮಗೆ ನಿಜವಾದ ಹಳ್ಳಿ ಬೇಕು."

ನಿಜವಾದ ಹಳ್ಳಿಯವರಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚೇರು ತೆಗೆಯಬೇಕಂತೆ, ಮಿಕ್ಸಿ ತೆಗೆಯಬೇಕಂತೆ, ಫ್ರಿಜ್ಜಿನ ಮೇಲೆ ಕಂಬಳಿ ಹೊದಿಸಬೇಕಂತೆ. ಗೋಡೆಯಲ್ಲಿದ್ದ ನಮ್ಮ ಮದುವೆ ಫೋಟೋವನ್ನೂ ತೆಗೆಯಲು ಹೇಳಿದ. ಅದಕ್ಕೆ ಮಾತ್ರ ನಾನು ಬೇಸರ ಮಾಡಿಕೊಳ್ಳಲಿಲ್ಲ.

ಅಷ್ಟೆಲ್ಲ ಮಾಡಿದರೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಹಿತ್ತಲಿನಲ್ಲಿ ನಮ್ಮ ಹಳೇ ಮನೆ ಕಣ್ಣಿಗೆ ಬಿತ್ತು. ಮಣ್ಣಿನ ಗೋಡೆ, ಅರ್ಧ ಬಿದ್ದ ಹೆಂಚು. ಈಗ ಅದರೊಳಗೆ ಹುಲ್ಲು ತುಂಬಿದ್ದೇವೆ. ಜುಟ್ಟಿನವನು ಅದರ ಮುಂದೆ ಕೈ ಮುಗಿಯುವುದೊಂದು ಬಾಕಿ. "ಇದೇ, ಇದೇ! ಇಲ್ಲಿ ಬದುಕಿದೆ!"

"ಹೌದು ಕಣಪ್ಪ, ಹೆಗ್ಗಣ ಬದುಕವೆ," ಅಂದರು ಅತ್ತೆ. ಆಮೇಲೆ ಮಗನ ಕಡೆ ತಿರುಗಿದರು. "ಏನ್ಲಾ, ಇಪ್ಪತ್ತೈದು ವರ್ಷ ನಿಮ್ಮಪ್ಪನ ಜೊತೆ ಜಗಳ ಆಡಿ ಆ ಮನೆಯಿಂದ ಈಚೆಗೆ ಬಂದಿವ್ನಿ. ಈಗ ಕ್ಯಾಮೆರಾ ಹಿಡ್ಕೊಂಡು ಬಂದು ಮತ್ತೆ ಒಳಕ್ಕೆ ತಳ್ತೀಯಾ?"

ಕುದುರೆ

ಸಿನಿಮಾ ಶುರುವಾಗುವುದೇ ಒಂದು ಮಗು ಮರದ ಬೊಂಬೆಯಲ್ಲಿ ಆಡುವುದರಿಂದ ಎಂದು ಮೈದುನ ಬರೆದಿದ್ದ. ಮಗುವಿಗೆ ನನ್ನ ನಾಲ್ಕು ವರ್ಷದ ಮಗಳಿದ್ದಳು. ಬೊಂಬೆ ತರಲು ಮೂವರೂ ಚನ್ನಪಟ್ಟಣಕ್ಕೆ ಹೋದರು. ಅಲ್ಲಿ ಬೊಂಬೆ ಕೆಲಸ ಮಾಡುವ ಒಬ್ಬ ಸಾಬರು ಕೆಂಪು ಹಳದಿ ಬಣ್ಣದ ಕುದುರೆಯೊಂದನ್ನು ಕೊಟ್ಟರಂತೆ. ನೋಟ್‌ಬುಕ್ಕಿನ ಹುಡುಗಿ ಬಹಳ ಭಕ್ತಿಯಿಂದ, "ನಿಮ್ಮ ಮನೆಯ ಮಕ್ಕಳು ಇದರಲ್ಲೇ ಆಡಿ ಬೆಳೆದಿರಬೇಕಲ್ವಾ?" ಎಂದು ಕೇಳಿದಳಂತೆ.

"ಎಲ್ಲಿ ಆಡ್ತಾರಮ್ಮ," ಅಂದರಂತೆ ಅವರು, "ಅವ್ಕೆ ಸದ್ದು ಮಾಡೋ ಕಾರೇ ಬೇಕು. ಇದು ನಿಮ್ಮಂಥೋರು ತಗೊಂಡೋಗಿ ಷೋಕೇಸಲ್ಲಿ ಇಡೋಕೆ."

ಈ ಉತ್ತರವನ್ನು ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಹಳೇ ಮನೆಯ ಜಗಲಿಯ ಮೇಲೆ ಮಗಳನ್ನು ಕೂರಿಸಿ ಕೈಗೆ ಕುದುರೆ ಕೊಟ್ಟರು. ಜುಟ್ಟಿನವನು ನೆಲಕ್ಕೆ ಹೊಟ್ಟೆ ಹಾಕಿ ಮಲಗಿ ಕ್ಯಾಮೆರಾ ಹಿಡಿದ. ಮೈದುನ ಪಿಸುಗುಟ್ಟಿದ: "ಈಗ ಮಗು ತಾನಾಗೇ ಆಡ್ತದೆ. ಯಾರೂ ಉಸಿರಾಡ್ಬೇಡಿ."

ಮಗಳು ಕುದುರೆಯನ್ನು ನೋಡಿದಳು, ತಿರುಗಿಸಿದಳು, ಅಂಗಾತ ಮಲಗಿಸಿ ಹೊಟ್ಟೆಯನ್ನು ಉಗುರಿನಿಂದ ಕೆರೆದಳು. ಆಮೇಲೆ ಕ್ಯಾಮೆರಾ ಕಡೆ ತಲೆ ಎತ್ತಿ ಕೇಳಿದಳು: "ಅಮ್ಮಾ, ಸೆಲ್ ಎಲ್ಲಿಗೆ ಹಾಕೋದು?"

ಹರಿದ ಸೀರೆ

ಮಗುವಿನ ಆಟ ಕೈಕೊಟ್ಟ ಮೇಲೆ ಮುದುಕಿಯಿಂದ ಶುರು ಮಾಡೋಣ ಎಂದು ತೀರ್ಮಾನಿಸಿದರು. ಅತ್ತೆ ಹಳೇ ಮನೆಯ ಮುಂದೆ ಕಸ ಗುಡಿಸಬೇಕು. ಅದಕ್ಕೆಂದು ಹುಡುಗಿ ಬೆಂಗಳೂರಿನಿಂದಲೇ ಒಂದು ಸೀರೆ ತಂದಿದ್ದಳು. ಅಂಗಡಿಯಿಂದ ಹೊಸ ಸೀರೆ ಕೊಂಡು, ಕಲ್ಲಿಗೆ ಉಜ್ಜಿ, ಅಲ್ಲಲ್ಲಿ ಕತ್ತರಿ ಹಾಕಿ ಹರಿದಿದ್ದಳಂತೆ. ಅದನ್ನು ಕೇಳಿದ ಅತ್ತೆ ಆ ಸೀರೆಯನ್ನು ಜಗಲಿಯ ಮೇಲೇ ಬಿಟ್ಟು ಎದ್ದರು.

ಒಳಗೆ ಹೋದ ಅತ್ತೆ ಅರ್ಧ ಗಂಟೆ ಬಿಟ್ಟು ಈಚೆಗೆ ಬಂದರು. ಉಟ್ಟಿದ್ದು ಮೈಸೂರು ರೇಷ್ಮೆ. ಮೂಗುಬೊಟ್ಟು, ಕೈ ತುಂಬಾ ಬಳೆ, ತಲೆಯಲ್ಲಿ ಕನಕಾಂಬರ. ಆ ಅಲಂಕಾರದಲ್ಲಿ ಪೊರಕೆ ಹಿಡಿದು ನಿಂತರು. ಗುಡಿಸುವುದನ್ನಂತೂ ಮಾಡಲಿಲ್ಲ. ಫೋಟೋಗೆ ನಿಲ್ಲುವ ಹಾಗೆ ಎರಡು ಕಾಲೂ ಜೋಡಿಸಿ, ಉಸಿರು ಬಿಗಿಹಿಡಿದು ಕ್ಯಾಮೆರಾವನ್ನೇ ನೋಡುತ್ತಾ ನಿಂತರು.

"ಅವ್ವಾ, ಬಡವಿ ಥರ ಇರ್ಬೇಕು," ಎಂದು ಮೈದುನ ಗೋಗರೆದ.

"ಆಗಲ್ಲ ಕಣ್ಲಾ. ನಾನು ಹರಿದ ಸೀರೆ ಉಟ್ಕೊಂಡ್ರೆ ನೋಡಿದೋರು ಏನಂತಾರೆ? ಸೊಸೆ ಅತ್ತೇನ ಸರಿಯಾಗಿ ನೋಡ್ಕೊಳಲ್ಲ ಅಂತ ನಮ್ ಹುಡುಗೀನ ಆಡ್ಕೊಳಲ್ವಾ?"

ಮದುವೆಯಾಗಿ ಆರು ವರ್ಷದಲ್ಲಿ ಅತ್ತೆ ನನ್ನ ಮಾನದ ಬಗ್ಗೆ ಯೋಚಿಸಿದ್ದು ಅದೇ ಮೊದಲು. ನನ್ನ ಕಣ್ಣು ಒದ್ದೆಯಾಯಿತು.

"ಅದನ್ನ ಅವಳಿಗೇ ಉಡ್ಸು," ಅಂದರು ಅತ್ತೆ. "ಆಗ ಯಾರೂ ಏನೂ ಅನ್ನಲ್ಲ."

ಹೀಗೆ ನಾನು ಹೀರೋಯಿನ್ ಆದೆ.

ಕಾಲ ನಿಂತುಹೋದ ಬೀದಿ

ನನಗೆ ಕೊಟ್ಟ ಕೆಲಸ ಸುಲಭದ್ದು. ಸೊಂಟದ ಮೇಲೆ ಮಣ್ಣಿನ ಕೊಡ ಇಟ್ಟುಕೊಂಡು ಖಾಲಿ ಬೀದಿಯಲ್ಲಿ ನಡೆದು ಬರಬೇಕು. "ಅತ್ತಿಗೆ, ಇಲ್ಲಿ ಕಾಲವೇ ನಿಂತುಹೋಗಿದೆ ಅನ್ನಿಸ್ಬೇಕು," ಎಂದು ಮೈದುನ ವಿವರಿಸಿದ. ಕಾಲ ನಿಲ್ಲಿಸುವುದೇನೋ ಸರಿ, ಫ್ಯಾಕ್ಟರಿ ಬಸ್ಸನ್ನು ನಿಲ್ಲಿಸುವವರು ಯಾರು? ನಮ್ಮ ಬೀದಿಗೆ ಬೆಳಿಗ್ಗೆ ಮೂರು ಬಸ್ಸು ಬರುತ್ತವೆ.

ಮೊದಲನೇ ಸಲ ನಾನು ನಡೆದು ಬರುವಾಗ ಒಂದು ಬಸ್ಸು ಹಾರನ್ ಹೊಡೆದುಕೊಂಡು ನನ್ನ ಹಿಂದೆಯೇ ಬಂತು. ಎರಡನೇ ಸಲ ಇನ್ನೊಂದು. ಜುಟ್ಟಿನವನು ತಲೆ ಮೇಲೆ ಕೈ ಹೊತ್ತು ಕೂತ. ಮೂರನೆಯ ಬಸ್ಸನ್ನು ಊರ ತಿರುವಿನಲ್ಲೇ ತಡೆಯಲು ನೋಟ್‌ಬುಕ್ಕಿನ ಹುಡುಗಿಯನ್ನು ಕಳಿಸಿದರು. ಅವಳು ಪಾಪ, ಡ್ರೈವರಿಗೆ ನಿಜ ಹೇಳಿಬಿಟ್ಟಳು: "ಮುಂದೆ ಶೂಟಿಂಗ್ ನಡೀತಾ ಇದೆ, ಐದು ನಿಮಿಷ ನಿಲ್ಲಿಸಿ."

ಶೂಟಿಂಗ್ ಎಂದ ಮೇಲೆ ಬಸ್ಸಿನಲ್ಲಿ ಯಾರು ಕೂತಿರುತ್ತಾರೆ? ಬೆಳಿಗ್ಗೆಯ ಶಿಫ್ಟಿನ ಹುಡುಗಿಯರೆಲ್ಲ ಕೊರಳಿನ ಐಡಿ ಕಾರ್ಡು ಅಲ್ಲಾಡಿಸಿಕೊಂಡು ಇಳಿದು ಓಡಿಬಂದರು. ನಾನು ತಿರುಗಿ ನೋಡುವಷ್ಟರಲ್ಲಿ, ಕಾಲ ನಿಂತುಹೋದ ಬೀದಿಯಲ್ಲಿ ನನ್ನ ಹಿಂದೆ ಮೂವತ್ತು ಜನ ಊಟದ ಬ್ಯಾಗು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ.

"ಯಾರೂ ಇಲ್ಲಿ ನೋಡ್ಬೇಡಿ! ಅತ್ತಿಗೆ, ನೀವು ನಡೀರಿ, ದುಃಖದಲ್ಲಿ ನಡೀರಿ!" ಎಂದು ಮೈದುನ ಕೂಗಿದ.

ನಾನು ದುಃಖದಲ್ಲಿ ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಹಿಂದಿನಿಂದ ಒಂದು ಗಂಡಸಿನ ದನಿ ಬೀದಿ ತುಂಬಾ ಕೇಳಿಸಿತು. ನಮ್ಮನೆಯವರು ಅದೇ ಬಸ್ಸಿಗೆ ಹೋಗುವವರು.

"ಲೇ ಇವಳೇ, ಕೊಡ ಆಮೇಲೆ ಹೊತ್ಕೊಳ್ವೆಯಂತೆ, ನನ್ ಊಟದ ಡಬ್ಬಿ ಎಲ್ಲಮ್ಮಿ?"

ಹುಳ ಕಾಯುವುದಿಲ್ಲ

ಶನಿವಾರ ಹಾಗೆ ಮುಗಿಯಿತು. ನಾಲ್ಕು ನಿಮಿಷದಲ್ಲಿ ನಾಲ್ಕು ಸೆಕೆಂಡೂ ಕೈಗೆ ಸಿಕ್ಕಿರಲಿಲ್ಲ. ಸಂಜೆ ಮನೆಗೆ ಬಂದ ನಮ್ಮನೆಯವರು ತಮ್ಮನಿಗೆ ಬೈಯಲಿಲ್ಲ. ಪ್ಯಾಕಿಂಗ್ ಸೆಕ್ಷನ್ನಿಗೆ ಎರಡು ಫೋಟೋ ಬೇಕಾಗುತ್ತದೆ, ತೆಗೆಸಿಟ್ಟುಕೋ ಎಂದಷ್ಟೇ ಹೇಳಿದರು. ಮೈದುನ ಊಟ ಬಿಟ್ಟು ಎದ್ದ.

ಅವನಿಗೆ ಉಳಿದಿದ್ದ ಒಂದೇ ದಾರಿ ರೇಷ್ಮೆ ಹುಳ. ಹುಳಗಳು ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದಾಗುತ್ತದೆ. ಅದನ್ನು ಹಿಡಿಯುತ್ತೇನೆ ಎಂದ. ಭಾನುವಾರ ಬೆಳಿಗ್ಗೆ ಮೂವರೂ ಹುಳದ ಮನೆಯ ಬಾಗಿಲಿಗೆ ಬಂದರು. ಜುಟ್ಟಿನವನ ಮೈಯಿಂದ ಸೆಂಟು ಘಮ್ಮೆನ್ನುತ್ತಿತ್ತು. ಅಂಥ ವಾಸನೆ ಹುಳಕ್ಕೆ ಆಗುವುದಿಲ್ಲ. ಅವನನ್ನು ನೀರಿನ ತೊಂಬೆಯ ಹತ್ತಿರ ಕೂರಿಸಿ, ಅತ್ತೆ ಬಟ್ಟೆ ಒಗೆಯುವ ಸೋಪಿನಲ್ಲಿ ತಿಕ್ಕಿ ತೊಳೆದು ಒಳಗೆ ಬಿಟ್ಟರು.

ಒಳಗೆ ಹೋಗಿ ನೋಡಿದರೆ ಒಂದು ಹುಳವೂ ಸೊಪ್ಪು ಮುಟ್ಟುತ್ತಿಲ್ಲ. ನಾವು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ಹಣ್ಣಾಗಿಬಿಟ್ಟಿದ್ದವು. ಹಣ್ಣಾದ ಹುಳ ತಿನ್ನುವುದನ್ನು ಬಿಟ್ಟು, ಮೈ ಹೊಳಪಾಗಿ, ಗೂಡು ಕಟ್ಟಲು ತಲೆ ಎತ್ತಿ ಜಾಗ ಹುಡುಕುತ್ತದೆ. ಕೂಡಲೇ ಒಂದೊಂದನ್ನೇ ಆಯ್ದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಒಂದು ತಿಂಗಳ ದುಡಿಮೆ ಹಾಳು.

"ಅತ್ತಿಗೆ, ಮಧ್ಯಾಹ್ನದವರೆಗೆ ಒಸಿ ತಡೀರಿ, ಲೈಟ್ ಚೆನ್ನಾಗಿ ಬತ್ತದೆ," ಅಂದ ಮೈದುನ.

"ಅದನ್ನ ಹುಳಕ್ಕೆ ಹೇಳು," ಅಂದೆ.

ಸುದ್ದಿ ತಿಳಿದು ಅಕ್ಕಪಕ್ಕದ ಹೆಂಗಸರೆಲ್ಲ ಬಂದರು. ಇಂದು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾವು. ಇದಕ್ಕೆ ಮುಯ್ಯಾಳು ಅನ್ನುತ್ತೇವೆ. ಕೈ ಒಂದು ಕಡೆ, ಬಾಯಿ ಒಂದು ಕಡೆ ಓಡತೊಡಗಿತು. ಮೈದುನ "ಆಕ್ಷನ್" ಅನ್ನುವ ಮೊದಲೇ ಎಲ್ಲ ಶುರುವಾಗಿತ್ತು, "ಕಟ್" ಅಂದ ಮೇಲೂ ಯಾರೂ ನಿಲ್ಲಿಸಲಿಲ್ಲ. ಸುಮ್ಮನೆ ನಿಂತಿದ್ದ ಅವನ ಕೈಗೆ ಪಕ್ಕದ ಮನೆಯ ಅಕ್ಕ ಒಂದು ತಟ್ಟೆ ಹುಳ ಕೊಟ್ಟಳು. ನೋಟ್‌ಬುಕ್ಕಿನ ಹುಡುಗಿ ನೋಟ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟಳು. ಜುಟ್ಟಿನವನು ಮಾತ್ರ ಕ್ಯಾಮೆರಾ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ. ನನಗೆ ಹುಳವೇ ಕಾಣುತ್ತಿರಲಿಲ್ಲ. ತಿರುಗಿ ಬೈದೆ. ಅವನು ಸರಿದ. ಕ್ಯಾಸೆಟ್ಟು ಮುಗಿಯುವವರೆಗೂ ತೆಗೆಯುತ್ತಲೇ ಇದ್ದ.

ಸಂಜೆ ಮೂವರೂ ಕ್ಯಾಮೆರಾ ಕಟ್ಟಿಕೊಂಡು ಹೊರಟಾಗ ಪಕ್ಕದ ಮನೆಯ ಅಕ್ಕ ದಾರಿಗೆ ಅಡ್ಡ ಬಂದಳು. "ಗುರುವಾರ ನಮ್ಮನೇಲಿ ಹಣ್ಣಾಯ್ತವೆ. ನಾವು ಬಂದಿಲ್ವಾ, ಮುಯ್ಯಿ ತೀರಿಸ್ಬೇಕು. ಆ ಹುಡುಗಿ ಕೈ ಚುರುಕೈತೆ, ಅವಳನ್ನ ಕಳ್ಸಿ." ಆಮೇಲೆ ಡೈರೆಕ್ಟರನ್ನು ಮೇಲಿಂದ ಕೆಳಗಿನವರೆಗೆ ನೋಡಿ ಅಂದಳು: "ಇವನು ಬರ್ದಿದ್ರೂ ನಡೀತದೆ."

ಮೂವರು ಹಿರಿಯರು

ತೋರಿಸುವ ದಿನ ಮನೆಯವರೂ ಬರಬಹುದು ಅಂದಿದ್ದರು. ಅತ್ತೆ, ನಾನು, ಮಗಳು ಬೆಂಗಳೂರಿಗೆ ಹೋದೆವು. ಮೈದುನನ ಮುಖದಲ್ಲಿ ರಕ್ತವಿರಲಿಲ್ಲ. ಹುಳ ಆಯ್ದಿದ್ದನ್ನೇ ನಾಲ್ಕು ನಿಮಿಷ ಕತ್ತರಿಸದೆ ತಂದಿದ್ದ. ಬೇರೆ ಇನ್ನೇನೂ ಇರಲಿಲ್ಲ. ಎದುರಿಗೆ ಮಾರ್ಕು ಕೊಡುವ, ಕನ್ನಡಕ ಹಾಕಿದ ಮೂವರು ಹಿರಿಯರು ಕೂತಿದ್ದರು.

ಪರದೆಯ ಮೇಲೆ ಕೈಗಳು ಓಡಿದವು, ಹುಳಗಳು ತಲೆ ಎತ್ತಿದವು. ನಡುವೆ ನಾನು ಕ್ಯಾಮೆರಾ ಕಡೆಗೆ ತಿರುಗಿ, "ಏಯ್, ಕಣ್ ಕಾಣಲ್ವಾ? ಬೆಳಕಿಗೆ ಅಡ್ಡ ನಿಂತಿದ್ದೀಯಲ್ಲ, ಆಚೆಗೆ ಸರಿ!" ಎಂದು ಬೈದೆ. ನನಗೆ ಕುರ್ಚಿಯ ಕೆಳಗೆ ಹೋಗೋಣ ಅನ್ನಿಸಿತು.

ದೀಪ ಹಾಕಿದರು. ಮೊದಲನೆಯವರು ಕೇಳಿದರು: "ಇಲ್ಲಿ ಆ ಹೆಣ್ಣುಮಗಳು ನೇರವಾಗಿ ಪ್ರೇಕ್ಷಕರನ್ನೇ ಬೈಯುತ್ತಾಳೆ. ಉದ್ದೇಶ ಏನು?"

ಮೈದುನ ನನ್ನ ಕಡೆ ಒಂದು ಸಲ ನೋಡಿದ. "ಸಾರ್, ಅದು... ಪಟ್ಟಣದವರು ಹಳ್ಳಿಯ ಬೆಳಕಿಗೆ ಅಡ್ಡ ನಿಂತಿದ್ದಾರೆ ಅಂತ."

ಮೂವರೂ ಬರೆದುಕೊಂಡರು. ಎರಡನೆಯವರು ನನ್ನ ಗುರುತು ಹಿಡಿದು ಕೇಳಿದರು: "ಅಷ್ಟು ಸಹಜವಾಗಿ ಬೈದಿದ್ದೀರಿ. ಎಷ್ಟು ದಿನ ತಾಲೀಮು?"

"ಮದುವೆಯಾಗಿ ಆರು ವರ್ಷ ಆಯ್ತು ಸಾರ್," ಅಂದೆ.

ಆಮೇಲೆ ಮೂರನೆಯವರು ಕನ್ನಡಕ ತೆಗೆದು ಕೇಳಿದರು: "ಇದು ಆರಂಭ. ಸರಿ. ಮುಂದೆ ಇವಳ ಕಥೆ ಏನಾಗುತ್ತದೆ?"

ಮೈದುನ ಖಾಲಿ ಪರದೆಯ ಕಡೆ ತಿರುಗಿ ನೋಡಿದ. ನಾಲ್ಕು ನಿಮಿಷದ ಆಚೆಗೆ ಅವನು ಯೋಚನೆಯನ್ನೇ ಮಾಡಿರಲಿಲ್ಲ. ನನ್ನ ಕಣ್ಣ ಮುಂದೆ ಪ್ಯಾಕಿಂಗ್ ಸೆಕ್ಷನ್ನೂ ನನ್ನ ಅಡುಗೆಮನೆಯೂ ಒಟ್ಟಿಗೆ ಬಂದವು.

ಆಗ ಅತ್ತೆ ಕೂತಲ್ಲಿಂದಲೇ ಅಂದರು: "ಇನ್ನೇನಾಯ್ತದೆ ಸ್ವಾಮಿ? ಗೂಡು ಬಿಡಿಸ್ತಾಳೆ, ಮಾರ್ಕೆಟ್ಟಿಗೆ ಹಾಕ್ತಾಳೆ, ಹುಳದ ಮನೆ ತೊಳೀತಾಳೆ, ಮತ್ತೆ ಮರಿ ಹುಳ ತತ್ತಾಳೆ. ಮತ್ತೆ ಇದೇಯ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂದರೆ ಕೊನೆಯೇ ಆರಂಭ," ಅಂದರು ಒಬ್ಬರು. "ಚಕ್ರ!" ಅಂದರು ಇನ್ನೊಬ್ಬರು. ಆಮೇಲೆ ಅವರು ಮೈದುನನನ್ನು ಬಿಟ್ಟು ಅತ್ತೆಯನ್ನೇ ಹಿಡಿದುಕೊಂಡರು. ಹುಳ ಯಾಕೆ ತಲೆ ಎತ್ತುತ್ತದೆ, ಹಣ್ಣಾಗಿದ್ದು ಹೇಗೆ ಗೊತ್ತಾಗುತ್ತದೆ, ಚಂದ್ರಿಕೆಯನ್ನು ಹೇಗೆ ಹೆಣೆಯುತ್ತಾರೆ. ಅತ್ತೆ ನಿಧಾನವಾಗಿ, ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು. ಮೂವರೂ ತಲೆ ತಗ್ಗಿಸಿ ಬರೆದುಕೊಂಡರು. ಮೈದುನ ಪಾಸಾದ.

ವಾಪಸ್ ಬರುವಾಗ ಬಸ್ಸು ಕಗ್ಗಲೀಪುರ ದಾಟಿತು. ಅತ್ತೆ ನನ್ನ ಕಡೆ ಬಾಗಿ, ಬಹಳ ಮರುಕದಿಂದ ಕೇಳಿದರು:

"ಅಲ್ಲ ಕಣಮ್ಮಿ, ನಮ್ ಹೈದ ಪಾಸಾದ, ಸರಿ. ನಾನು ಅಷ್ಟೊಂದು ಹೇಳಿಕೊಟ್ಟು ಬರೆಸಿದ್ನಲ್ಲ, ಆ ಮೂರು ಜನ ಪಾಸಾದ್ರಾ?"