ಮೂರನೇ ಬೈಗುಳದ ತನಕ

ಸತ್ತವರ ಬಗ್ಗೆ ಮಾತಾಡುವಾಗ ನಾವೆಲ್ಲ ಸ್ವಲ್ಪ ಒಳ್ಳೆಯವರಾಗುತ್ತೇವೆ. ತಂಗಿ ಜಗದೇವಿ ಡೆಂಗಿ ಜ್ವರದಲ್ಲಿ ಹೋದ ಮೇಲೆ, ಜೇವರ್ಗಿಯ ನಮ್ಮ ಮನೆಗೆ ಮಾತಾಡಿಸಲು ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ: "ಒಂದು ದಿನಾನೂ ಆಕಿಗೆ ಜೋರು ಮಾಡಿ ಮಾತಾಡಿಲ್ರಿ." ಬಂದವರು ಕಣ್ಣೊರೆಸಿಕೊಂಡರು. ಹೇಳಿ ಹೇಳಿ ನಾನೂ ನಂಬಿಬಿಟ್ಟೆ.

ಆಕೆ ಕಲಬುರಗಿಯ ಕಾಲೇಜೊಂದರಲ್ಲಿ ಸಣ್ಣ ಉಪಗ್ರಹಕ್ಕೆ ಆಂಟೆನಾ ಮಾಡುತ್ತಿದ್ದಳು. ಅವಲಕ್ಕಿ ಡಬ್ಬಿಯಷ್ಟಿರುವ ಉಪಗ್ರಹದಲ್ಲಿ ಎರಡು ಆಂಟೆನಾಕ್ಕೆ ಜಾಗ ಇರುವುದಿಲ್ಲವಂತೆ. ಹಾಗಾಗಿ ಒಂದೇ ಆಂಟೆನಾ ಆಕಾರ ಬದಲಿಸಿ ಎರಡರ ಕೆಲಸ ಮಾಡಬೇಕು. ಅದರ ತಂತಿಯೇ ವಿಚಿತ್ರದ್ದು. ಸುರುಳಿ ಸುತ್ತಿ, ಕೆಂಡದಲ್ಲಿ ಕಾಸಿ ನೀರಿಗದ್ದಿದರೆ ಆ ಸುರುಳಿ ಅದಕ್ಕೆ ನೆನಪಿರುತ್ತದೆ. ಆಮೇಲೆ ಹೇಗೆ ಎಳೆದರೂ ಬಿಸಿ ತಾಗಿದೊಡನೆ ಮತ್ತೆ ಸುರುಳಿಯಾಗುತ್ತದೆ. ಏಳನೇ ಇಯತ್ತೆ ಓದಿದ ನನಗೆ ಇಷ್ಟಾದರೂ ತಿಳಿದದ್ದು ಆಕೆ ನನ್ನ ಒಲೆ ಹಿಡಿದದ್ದರಿಂದ. ಕಾಲೇಜಿನ ಭಟ್ಟಿ ಕೆಟ್ಟಿತ್ತು. ರಿಪೇರಿಯ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಿರುವಾಗ, ಆಕೆ ಪ್ರತಿ ಭಾನುವಾರ ಬಂದು, ಆಳಂದದ ಸೋದರತ್ತೆ ಕೊಟ್ಟ ನನ್ನ ಕಬ್ಬಿಣದ ಊದುಗೊಳವೆಗೆ ತಂತಿ ಸುತ್ತಿ, ತೊಗರಿ ಕಟ್ಟಿಗೆಯ ಕೆಂಡದಲ್ಲಿ ಹೂತು ಕೂಡುತ್ತಿದ್ದಳು. ರೊಟ್ಟಿಗೆ ಒಲೆ ಇಲ್ಲ, ಊದಲು ಗೊಳವೆ ಇಲ್ಲ. ಕಲಸಿದ ಹಿಟ್ಟು ಮಗ್ಗುಲಲ್ಲಿಟ್ಟುಕೊಂಡು ನಾನು ಬಾಯಿಂದಲೇ ಊದುತ್ತಿದ್ದೆ. ಉಪಗ್ರಹವೊಂದು ಮೇಲೆ ಹೋಗಲು ಎಷ್ಟು ಹೊಗೆ ಕುಡಿಯಬೇಕೆಂದು ಪತ್ರಿಕೆಯವರಿಗೆ ಗೊತ್ತಿರಲಿಕ್ಕಿಲ್ಲ.

ಆಕೆ ಹೋಗಿ ತಿಂಗಳಾದ ಮೇಲೆ, ಆಕೆಯ ಜೊತೆ ಕೆಲಸ ಮಾಡುವ ಅಫಜಲಪುರದ ಸಿದ್ರಾಮ ಬಂದರು. ಕೈಯಲ್ಲಿ ಆಕೆಯ ನೋಟಬುಕ್ಕು, ಎರಡು ತಂತಿ. ಉಳಿದ ತಂತಿ ಅವೆರಡೇ. ಈ ವಾರ ಸುರುಳಿ ಸರಿಯಾಗಿ ಆಗದಿದ್ದರೆ ಉಪಗ್ರಹಕ್ಕೆ ಸಾದಾ ಆಂಟೆನಾ ಹಾಕುತ್ತಾರಂತೆ. ಜಗದೇವಿಯ ಕೆಲಸ ಅಲ್ಲಿಗೆ ಮುಗಿದಂತೆ.

"ಎಷ್ಟೊತ್ತು ಕಾಸಬೇಕಂತ ಬರದಿಲ್ಲೇನ್ರಿ?" ಎಂದೆ.

"ಬರದಾರ್ರಿ." ಅವರು ತಲೆ ತಗ್ಗಿಸಿ ಓದಿದರು: "'ಅಕ್ಕನ ಮೂರನೇ ಬೈಗುಳದ ತನಕ.' ಎಲ್ಲಾ ಪುಟದಾಗೂ ಹಿಂಗೇ ಅದರಿ ಅಕ್ಕಾರ. ಎರಡನೇದಕ್ಕ ತೆಗದ್ರ ಸುರುಳಿ ಸಡಿಲ ಆಗ್ತದಂತ."

"ನಾ ಎಂದು ಬೈದೀನ್ರಿ ಆಕಿಗೆ?"

"ನನಗ್ಯಾಂಗ ಗೊತ್ತಾಗಬೇಕ್ರಿ? ಎಣಿಸಿದವ್ರು ಅವರು."

ಬೈಯಲು ಕೂತರೆ ಬಾಯಿ ಬರಲಿಲ್ಲ. ಕೊನೆಗೆ ನಾನೇ ಅಂದಾಜು ಹೇಳಿದೆ: "ಅರ್ಧ ತಾಸರೆ ತಡೀತಿದ್ದೆನ್ರಿ ನಾ." ಅರ್ಧ ತಾಸು ಕಾಸಿದೆವು. ಆ ತಂತಿಯನ್ನು ನೆಟ್ಟಗೆ ಎಳೆದು ಬಿಸಿನೀರಿಗೆ ಹಾಕಿದರೆ, ಒಂದಿಷ್ಟು ಮಿಸುಕಿ ಹಾಗೇ ಮಲಗಿತು. ಸಿದ್ರಾಮ ಅದನ್ನು ಇಕ್ಕಳದಿಂದ ಎತ್ತಿ ನೋಡಿದರು. "ಜಾಸ್ತಿ ಕಾಸೀವಿ," ಎಂದರು. ಆಮೇಲೆ, "ಅಕ್ಕಾರ, ನೀವು ಏನೂ ನೆನಸಬ್ಯಾಡ್ರಿ. ಸುಮ್ನ ರೊಟ್ಟಿ ಮಾಡಾಕ ಕೂಡ್ರಿ."

ಹಿಟ್ಟು ಕಲಸಿಕೊಂಡು ಕೂತೆ. ಗೊಳವೆಗೆ ಸುತ್ತಿದ ಕೊನೆಯ ತಂತಿ ಕೆಂಡದಲ್ಲಿತ್ತು; ಸಿದ್ರಾಮ ಫೋನಿನಲ್ಲಿ ಹೊತ್ತು ಎಣಿಸಲು ಹಚ್ಚಿದ್ದರು. ಹೊಗೆ ಕಣ್ಣಿಗೆ ಬಂತು. ಹಿಟ್ಟಿನ ಮೇಲೆ ಬಿರುಕು ಬಿಡತೊಡಗಿತು. "ಹಿಟ್ಟು ಒಣಗಾಕತ್ತದ ನೋಡು," ಎಂದು ಗೊಣಗಿದೆ. ಸಿದ್ರಾಮ ಒಂದು ಬೆರಳೆತ್ತಿದರು. "ಬೆರಳೇನು ತೋರಸ್ತೀರಿ?" ಎಂದು ರೇಗಿದೆ. ಇದನ್ನು ಎರಡನೆಯದೆಂದು ಹಿಡಿಯಬೇಕೋ ಬೇಡವೋ ಎಂದು ಅವರು ಒದ್ದಾಡುತ್ತಿರುವಾಗಲೇ, "ಜಗೀ, ಮುಗೀತೋ ಇಲ್ಲೋ ನಿಂದು?" ಎಂಬುದು ನನ್ನ ಬಾಯಿಂದ ಬಂತು. ಮತ್ತೆ ಸ್ವಲ್ಪ ಹೊತ್ತಿಗೆ, ಯಾವ ಪ್ರಯತ್ನವೂ ಇಲ್ಲದೆ, "ಏಳಬೇ ಅತ್ಲಾಗ, ನನ್ನ ಕೊಂದೇ ಬಿಡ್ತಿ ನೀ. ತೆಗಿ ಅದನ್ನ."

ಯಾರೂ ಏಳಲಿಲ್ಲ. ಸಿದ್ರಾಮ ಇಕ್ಕಳದಿಂದ ಗೊಳವೆ ಎಳೆದು ನೀರಿಗದ್ದಿದರು. ಚುಯ್ ಎಂದ ಸದ್ದು ನಿಂತ ಮೇಲೆ ತಂತಿ ಬಿಚ್ಚಿ, ನೆಟ್ಟಗೆ ಎಳೆದು ಬಿಸಿನೀರಿಗೆ ಹಾಕಿದರು.

ಅದು ಒಂದೊಂದೇ ಸುತ್ತು ಸುತ್ತಿಕೊಂಡು, ಆಕೆ ಮಾಡುತ್ತಿದ್ದ ಹಾಗೆಯೇ ಸುರುಳಿಯಾಯಿತು. ಸಿದ್ರಾಮ ನಗಲು ಹೋದವರು ನನ್ನ ಮುಖ ನೋಡಿ ಫೋನಿನತ್ತ ತಿರುಗಿದರು. ನೋಟಬುಕ್ಕಿನಲ್ಲಿ ನನ್ನ ಬೈಗುಳ ಹೊಡೆದುಹಾಕಿ 'ಹನ್ನೆರಡು ನಿಮಿಷ' ಎಂದು ಬರೆದರು.

ಫೋನಿನ ಗಡಿಯಾರ ಸರಿ ಇದೆಯೇ ಎಂದು ಕೇಳಿದೆ. ಸರಿ ಇತ್ತು.

"ಪಕ್ಕಾ ಟೈಮಿಗೆ ಬೈತಿದ್ರಿ ನೋಡ್ರಿ ಅಕ್ಕಾರ," ಎಂದರು, ಸಮಾಧಾನ ಮಾಡುವಂತೆ. ಇಷ್ಟು ವರ್ಷದಲ್ಲಿ ನನ್ನ ಸಿಟ್ಟನ್ನು ಹೊಗಳಿದವರು ಅವರೊಬ್ಬರೇ. ಬಿಸಿ ರೊಟ್ಟಿ ಹಾಕಿದೆ. ಸಾಕೆಂದರೂ ಇನ್ನೆರಡು ಹಾಕಿದೆ. ಅವರು ತಿಂದು ಮುಗಿಸುವ ತನಕ ಅರ್ಧ ತಾಸು, ಒಂದು ಮಾತೂ ಆಡದೆ ಕಾದೆ. ಅದನ್ನು ಮಾತ್ರ ಅವರು ಬರೆದುಕೊಳ್ಳಲಿಲ್ಲ.