ಮೀಟರ್ ಮಾತು ಉಳಿಸುವ ಯಂತ್ರ

"ಮೀಟರ್ ಸುಳ್ಳು ಹೇಳ್ತೈತೆ ಅಂತ ಮೀಟರ್ ರಿಪೇರಿ ಮಾಡ್ಸೋನು ದಡ್ಡ ಕಣಲೇ ತಿಪ್ಪೇಶ!" ಎಂದು ನಮ್ಮ ಭಾವ ಪಾಲಾಕ್ಷಪ್ಪನವರು ಬೀದಿಗೆಲ್ಲ ಕೇಳುವಂತೆ ಘೋಷಿಸಿದರು. "ಅದು ಏನು ಬೇಕಾದ್ರೂ ತೋರಿಸ್ಲಿ. ಗಾಡೀನೇ ಅಷ್ಟು ದೂರ ಹೋಗಿರೋ ಹಾಗೆ ಮಾಡಿದ್ರೆ ಸುಳ್ಳು ಎಲ್ಲಿಂದ ಬಂತು?"

ನನ್ನ ಬೈಕಿನ ಹ್ಯಾಂಡಲ್ ಮೇಲೆ ಸ್ಟೀಲಿನ ಟಿಫನ್ ಕ್ಯಾರಿಯರ್ ಒಂದು ಕೂತಿತ್ತು. ಅದರಿಂದ ಹೊರಟ ತಾಮ್ರದ ತಂತಿಗಳು ಮೀಟರಿನೊಳಗೆ ನುಗ್ಗಿದ್ದವು. ಭಾವನದು ಚಳ್ಳಕೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಗಿರಾಕಿಗಳ ಮಿಕ್ಸಿ ಎಷ್ಟು ದಿನ ಬೇಕಾದರೂ ಕಾಯಬಹುದು, ಭಾವನ ತಲೆಗೆ ಬಂದ ಯಂತ್ರ ಮಾತ್ರ ಅರೆಗಳಿಗೆ ಕಾಯುವುದಿಲ್ಲ!

"ಅಯ್ಯೋ, ಅದು ನನ್ ಕ್ಯಾರಿಯರ್ರು!" ಬಾಗಿಲಿಂದ ಅನಸೂಯಕ್ಕ ಕೂಗಿದಳು. "ಅದ್ರಾಗೆ ಉಪ್ಪಿಟ್ಟಿತ್ತಲ್ಲ, ಏನ್ ಮಾಡಿದ್ರಿ?"

"ಮೇಲಿನ ಡಬ್ಬೀಲಿ ಹಂಗೇ ಐತೆ ಕಣೆ. ಕೆಳಗಿನ ಎರಡರಾಗೆ ಮಾತ್ರ ವಿಜ್ಞಾನ!"

ನನಗೆ ನಗುವ ಸ್ಥಿತಿ ಇರಲಿಲ್ಲ. ಅವತ್ತು ನನ್ನ ಮದುವೆ.

ನನ್ನ ಹಳೇ ಬೈಕಿಗೆ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳಿಲ್ಲ. ಟ್ಯಾಂಕ್ ಅಲ್ಲಾಡಿಸಿ ಕಿವಿಗೊಟ್ಟು ಕೇಳಬೇಕು, ಇಲ್ಲವೇ ಓಡಿದ ಕಿಲೋಮೀಟರ್ ನೋಡಿ ಅಂದಾಜು ಮಾಡಬೇಕು. ಆದರೆ ಹಲ್ಲು ಸವೆದ ಆ ಮೀಟರು ಹತ್ತು ಓಡಿದರೆ ಏಳು ತೋರಿಸುವಂಥದ್ದು. ಅದನ್ನು ನಂಬಿ ಎರಡು ಸಲ ನಡುದಾರಿಯಲ್ಲಿ ನಿಂತಿದ್ದೆ. ಎರಡು ಸಲವೂ ಸರ್ವಮಂಗಳ ನನಗಾಗಿ ಕಾಯುತ್ತಿದ್ದಳು. ಅವಳು ಚಿತ್ರದುರ್ಗದಲ್ಲಿ ನರ್ಸು, ನಾನು ಇಲ್ಲಿ ಬೇಕರಿಯವನು. ತಮ್ಮಂದಿರು, ತಂಗಿಯರು ದಡ ಸೇರಲಿ ಎಂದು ಇಬ್ಬರೂ ಕಾಯ್ದು ಕಾಯ್ದು ನಲವತ್ತು ದಾಟಿದ್ದೆವು. ಕೊನೆಗೆ ಅವಳು ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು:

"ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಸಬ್ ರಿಜಿಸ್ಟ್ರಾರ್ ಮುಂದೆ ನೀವಿರ್ಬೇಕು. ಇಲ್ದಿದ್ರೆ ನಾನು ವಾಪಸ್ ಡ್ಯೂಟಿಗೆ ಹೋಗ್ತೀನಿ. ಆಮೇಲೆ ನಾನೂ ಬರಲ್ಲ, ನೀವೂ ಬರ್ಬೇಡಿ!"

ಕಚೇರಿ ಇದ್ದದ್ದು ಊರಿನ ಆ ತುದಿಯಲ್ಲಿ. "ಭಾವ, ಆಟೋದಲ್ಲಿ ಹೋಗೋಣ" ಎಂದು ಬೇಡಿಕೊಂಡೆ.

"ಸಾಕ್ಷಿ ಹಾಕೋನು ನಾನು. ನಾನು ಬೈಕಲ್ಲೇ ಬರೋನು!" ಎಂದು ಹಿಂದೆ ಹತ್ತಿ ಕೂತರು.

ಸರ್ಕಲ್‌ವರೆಗೆ ಸುಖವಾಗಿ ಹೋದೆವು. ಎದುರಿಗೆ ಒಬ್ಬ ಅಜ್ಜಿ ಬಂದಳೆಂದು ಬ್ರೇಕ್ ಹಾಕಿದೆ. ಕ್ಯಾರಿಯರ್ "ಗುಂಯ್" ಎಂದಿತು. ನೋಡಿದರೆ ಸರ್ಕಲ್ ಎಲ್ಲಿದೆ! ನಾವು ಹಿಂದೆ, ಎಣ್ಣೆ ಮಿಲ್ಲಿನ ಗೇಟಿನ ಮುಂದೆ ನಿಂತಿದ್ದೆವು!

"ನೋಡ್ದಾ!" ಭಾವ ನನ್ನ ಬೆನ್ನು ಗುದ್ದಿದರು. "ಮೀಟರ್ ಪ್ರಕಾರ ನಾವು ಬಂದಿರೋದು ಇಲ್ಲಿಗೇ!"

"ಭಾವ, ನಾವು ಸರ್ಕಲ್‌ನಲ್ಲಿದ್ವಿ!"

"ಮೀಟರ್ ಪ್ರಕಾರ ಇರ್ಲಿಲ್ಲ!"

ಮತ್ತೆ ಹೋದೆ. ಹಂಪು ಬಂತು, ಬ್ರೇಕ್ ಹಾಕಿದೆ, ಗುಂಯ್, ಹಿಂದಕ್ಕೆ! ಎಮ್ಮೆ ಬಂತು, ಬ್ರೇಕ್, ಗುಂಯ್, ಹಿಂದಕ್ಕೆ! ಆ ಅಜ್ಜಿ ರಸ್ತೆ ದಾಟಿ, ತರಕಾರಿ ಕೊಂಡು, ವಾಪಸ್ ದಾಟುವಾಗಲೂ ನಾವು ಅಲ್ಲೇ ಬರುತ್ತಿದ್ದೆವು. "ಏನಪ್ಪಾ, ಏನಾದ್ರೂ ಕಳ್ಕಂಡಿದೀರಾ?" ಎಂದು ಕನಿಕರದಿಂದ ಕೇಳಿದಳು. ಅಷ್ಟರಲ್ಲಿ ಅನಸೂಯಕ್ಕ ಆಟೋದಲ್ಲಿ ನಮ್ಮನ್ನು ದಾಟಿ ಹೋದಳು. "ಮದುಮಗನಿಗಿಂತ ಮುಂಚೆ ನಾನು ಹೋಗ್ಬೇಕೇನ್ರೋ!" ಎಂಬ ಅವಳ ಬೈಗುಳ ಗಾಳಿಯಲ್ಲಿ ತೇಲಿ ಬಂತು.

"ಮೀಟರ್ ಕಮ್ಮಿ ತೋರ್ಸಿದ್ರೆ ತಾನೇ ತೊಂದ್ರೆ? ಹೆಚ್ಚು ತೋರ್ಸೋ ಹಂಗೆ ಮಾಡಿದ್ರಾಯ್ತು" ಎಂದು ಭಾವ ನನ್ನ ಕಂಕುಳಡಿಯಿಂದ ಕೈ ಚಾಚಿ ಒಂದು ತಿರುಪನ್ನು ತಿರುಗಿಸಿದರು. ತುಸು ತಿರುಗಿಸಿದ್ದರೆ ಸಾಕಾಗಿತ್ತು. ಭಾವ ಯಾವುದನ್ನೂ ತುಸು ಮಾಡಿದವರಲ್ಲ.

ಈಗ ಎಲ್ಲೂ ಬ್ರೇಕ್ ಮುಟ್ಟದೆ ಹಾರ್ನ್ ಒತ್ತಿಕೊಂಡೇ ಹೋದೆ. ಕಚೇರಿ ಕಂಡಿತು. ಮೆಟ್ಟಿಲ ಮೇಲೆ ಸರ್ವಮಂಗಳ! ಅರಿಶಿನ ಬಣ್ಣದ ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ. ನನ್ನನ್ನು ಕಂಡು ಅವಳ ಮುಖ ಅರಳಿತು. ನಾನೂ ಹಲ್ಲು ಕಿರಿದು, ಖುಷಿಯಲ್ಲಿ ಎಲ್ಲ ಮರೆತು, ಬ್ರೇಕ್ ಹಾಕಿದೆ.

ಗುಂಯ್!

ಸುತ್ತಲೂ ಕುರಿಗಳು. ಕಣ್ಣು ಹಾಯಿಸಿದಷ್ಟೂ ಶೇಂಗಾ ಹೊಲ. ಕಂಬಳಿ ಹೊದ್ದ ಕುರಿಗಾಹಿಯೊಬ್ಬ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಂದ ಉದುರಿದ್ರಿ?" ಎಂದ.

"ಚಳ್ಳಕೆರೆ ಯಾವ ಕಡೆ?"

"ಬೆಳಿಗ್ಗೆ ಬಸ್ಸು ಹೋತು. ಇನ್ನು ಸಾಯಂಕಾಲಕ್ಕೇ."

ಅವಳು ನನ್ನನ್ನು ನೋಡಿದ್ದಳು. ನೋಡನೋಡುತ್ತಿದ್ದಂತೆ ನಾನು ಮಾಯವಾಗಿದ್ದೆ. ಮದುವೆಗೆ ಹೆದರಿ ಹೀಗೆ ಓಡಿಹೋದ ಗಂಡು ಇನ್ನೊಬ್ಬನಿರಲಾರ!

"ಒಂದೇ ನಿಮಿಷ" ಎಂದು ಭಾವ ಕೂತಲ್ಲಿಂದಲೇ ಕೈ ಚಾಚಿ ಕ್ಯಾರಿಯರ್ ಬಿಚ್ಚಿದರು. ಏನು ತಾಗಿತೋ, ಮೀಟರಿನ ಅಂಕಿಗಳು ಗಿರಗಿರನೆ ತಿರುಗತೊಡಗಿದವು. ಈಗ ಬ್ರೇಕೂ ಬೇಕಿರಲಿಲ್ಲ. ಗುಂಯ್, ಕೆರೆ ಏರಿಯ ಮೇಲೆ! ಗುಂಯ್, ಯಾವುದೋ ಶಾಲೆಯ ಪ್ರಾರ್ಥನೆ ಸಾಲಿನ ನಡುವೆ! ಗುಂಯ್, ಬಳ್ಳಾರಿ ಬಸ್ ಸ್ಟ್ಯಾಂಡಿನ ಕಡ್ಲೆಕಾಯಿ ಗಾಡಿಯ ಪಕ್ಕ! ಅಂಕಿಗಳು ಒಂದೊಂದೇ ಒಂಬತ್ತಾಗುತ್ತಿದ್ದವು.

"ಭಾವ, ನನಗೆ ಯಂತ್ರ ಬೇಡ, ಬೈಕೂ ಬೇಡ, ಅವಳು ಬೇಕು!" ಎಂದು ಗೋಳೋ ಎಂದೆ.

ಭಾವ ನನ್ನ ಹೆಗಲು ಗಟ್ಟಿಯಾಗಿ ಹಿಡಿದು, "ತಪ್ಪಾತು ಕಣೋ. ಆದ್ರೆ ನಿನ್ನ ಬಿಟ್ಟು ಇಳಿಯಲ್ಲ. ಹ್ಯಾಂಡಲ್ ಬಿಡ್ಬೇಡ" ಎಂದರು. ನಾನು ಬಿಡಲಿಲ್ಲ. ಮೀಟರಿನಲ್ಲಿ ಸಾಲಾಗಿ ಎಲ್ಲ ಒಂಬತ್ತುಗಳು ಬಂದು ನಿಂತವು. ಟಕ್ ಎಂದು ಮಗುಚಿ ಎಲ್ಲ ಸೊನ್ನೆಗಳಾದವು.

ಗುಂಯ್!

ಕಣ್ಣು ಬಿಟ್ಟರೆ ನಾವು ಒಂದು ಮೇಜಿನ ಮುಂದೆ, ಬೈಕಿನ ಮೇಲೆಯೇ ಕೂತಿದ್ದೆವು. ಮೇಜಿನ ಹಿಂದೆ ಸಬ್ ರಿಜಿಸ್ಟ್ರಾರ್. ಪಕ್ಕದಲ್ಲಿ, ಕಣ್ಣು ಕೆಂಪಗಾಗಿದ್ದ ಸರ್ವಮಂಗಳ!

"ಸೊನ್ನೆ ಅಂದ್ರೆ ಗಾಡಿ ಇನ್ನೂ ಹೊರಟೇ ಇಲ್ಲ ಅಂತ!" ಭಾವ ಕುಣಿದಾಡಿದರು. ಆಗ ನನಗೆ ಹೊಳೆಯಿತು. ಸರ್ಕಾರ ಬಾಡಿಗೆಗೆ ಹಿಡಿದ ಈ ಕಟ್ಟಡ ಹಿಂದೆ ಬೈಕ್ ಷೋರೂಮ್ ಆಗಿತ್ತು. ನಾನು ಗಾಡಿ ಕೊಂಡದ್ದು ಇದೇ ಹಾಲ್‌ನಲ್ಲಿ! ಯಂತ್ರ ಮೀಟರಿನ ಮಾತನ್ನು ಅಕ್ಷರಶಃ ಉಳಿಸಿತ್ತು. ಸೀಟಿಗೆ ಪ್ಲಾಸ್ಟಿಕ್ ಕವರ್, ಟ್ಯಾಂಕಿಗೆ ಕುಂಕುಮ, ಹ್ಯಾಂಡಲಿಗೆ ಕ್ಯಾರಿಯರ್ ಬದಲು ಸೇವಂತಿಗೆ ಹಾರ. ನನ್ನ ಮುದಿ ಬೈಕು ಹೊಚ್ಚ ಹೊಸದಾಗಿ ಥಳಥಳಿಸುತ್ತಿತ್ತು!

ಸಬ್ ರಿಜಿಸ್ಟ್ರಾರ್ ಕನ್ನಡಕ ಸರಿಮಾಡಿಕೊಂಡು, "ಗಾಡಿ ಒಳಗೆ ತರೋ ಹಾಗಿಲ್ಲ. ಸಹಿ ಮಾಡಿ ಬೇಗ ತಗೊಂಡು ಹೋಗಿ" ಎಂದರು. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು.

ಸರ್ವಮಂಗಳ ಹ್ಯಾಂಡಲಿನ ಹಾರ ಬಿಡಿಸಿ ನನ್ನ ಕೊರಳಿಗೆ ಹಾಕಿದಳು. "ಬಂದ್ರಲ್ಲ, ಅಷ್ಟು ಸಾಕು" ಎಂದಳು. ಸಹಿ ಹಾಕಿದ ಮೇಲೆ ಭಾವನ ಕಾಲು ಮುಟ್ಟಿದೆ. ನನ್ನನ್ನು ಊರೂರು ಅಲೆಸಿದವರೂ ಅವರೇ, ಕೊನೆಗೆ ಅವಳ ಪಕ್ಕದಲ್ಲಿ ತಂದು ನಿಲ್ಲಿಸಿದವರೂ ಅವರೇ. ನಾನು ಬದುಕಿರುವ ತನಕ ಅವರ ಉಪಕಾರ ಮರೆಯುವವನಲ್ಲ.

ಮಧ್ಯಾಹ್ನದ ಹೋಳಿಗೆ ಊಟ ಚಿತ್ರದುರ್ಗದಲ್ಲಿ, ಅತ್ತೆಯ ಮನೆಯಲ್ಲಿ ಕಾದಿತ್ತು. ಅಲ್ಲಿಗೆ ಮಾತ್ರ ತುಸು ತಡವಾಗಿ ತಲುಪಿದೆವು. ಹೊಸ ಗಾಡಿಯನ್ನು ಮೊದಲೊಂದು ಸಾವಿರ ಕಿಲೋಮೀಟರ್ ಗಂಟೆಗೆ ನಲವತ್ತರ ಮೇಲೆ ಓಡಿಸಬಾರದಂತೆ.