ನನ್ನ ಮದುವೆಯ ಪಂಚೆ ಕಟ್ಟಿಕೊಂಡು ನಡೆದ ಟೈಗರ್ ಅವರಿಗೆ

ಗೋವಿಂದರಾಜನಗರ
ಅಕ್ಟೋಬರ್ 1986

ಮಾನ್ಯರೇ,

ನಮ್ಮ ಅಡ್ಡರಸ್ತೆಯನ್ನು ಸಂಬಳವಿಲ್ಲದೆ ಇಷ್ಟು ವರ್ಷ ಕಾದು, ಅಂಚೆಯವರೊಬ್ಬರನ್ನು ಬಿಟ್ಟು ಬೇರೆ ಯಾರನ್ನೂ ಕಚ್ಚದ ತಮ್ಮ ಘನ ವ್ಯಕ್ತಿತ್ವಕ್ಕೆ ಮೊದಲು ವಂದಿಸಿ, ತಮ್ಮ ಮನೆಯಲ್ಲಿ ತಮ್ಮ ದಯೆಯಿಂದ ವಾಸವಾಗಿರುವ ನಿವೃತ್ತ ಗಿರಣಿ ಗುಮಾಸ್ತ ವೆಂಕಟಗಿರಿ ಬರೆದುಕೊಳ್ಳುವ ಅಹವಾಲು. ನಾಯಿಗಳಾದ ತಮಗೆ ಓದು ಬಾರದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಬೀದಿಯವರು ಯಾರಾದರೂ ಓದಿ ಹೇಳಿಯಾರು.

ಆಷಾಢದ ಒಂದು ಬೆಳಿಗ್ಗೆ ತಾವು ಹಿಂಗಾಲು ಎತ್ತಲಾರದೆ ಬಚ್ಚಲ ಬಾಗಿಲಲ್ಲೇ ಕುಳಿತುಬಿಟ್ಟಿರಿ. ನನ್ನ ಹೆಂಡತಿ ಅನಂತಲಕ್ಷ್ಮಿ ತಮ್ಮನ್ನು ಆಟೋದಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ವಿಜಯನಗರದ ಪಶುವೈದ್ಯ ಚನ್ನಮಲ್ಲಪ್ಪನವರ ಬಳಿಗೆ ಒಯ್ದಳು. ತಮ್ಮ ಬಾಲಕ್ಕೂ ಜಾಗ ಬೇಕಾದ್ದರಿಂದ ನಾನು ಬಸ್ಸಿನಲ್ಲಿ ಬಂದೆ. ಸೊಂಟದ ಕೀಲು ಸವೆದಿದೆ, ನೋವಿಗೆ ಮಾತ್ರೆ ಕೊಡಿ, ಬಿಸಿ ಶಾಖ ಕೊಡಿ, ಹೊಟ್ಟೆಯಡಿ ಬಟ್ಟೆ ಹಾಕಿ ಹಿಂಭಾಗ ಎತ್ತಿಹಿಡಿದು ಎರಡು ಹೊತ್ತೂ ನಡೆಸಿ ಎಂದ ಡಾಕ್ಟರು, ದೀಪಾವಳಿಯೊಳಗೆ ತಾವಾಗಿಯೇ ಎದ್ದು ನಿಲ್ಲದಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದೇ ಪುಣ್ಯ ಎಂದೂ ಹೇಳಿದರು. "ನಾನಿರೋವರ್ಗೂ ಆ ಸೂಜಿ ನಮ್ಮ ಹೊಸಿಲು ದಾಟಲ್ಲ ಸಾರ್" ಎಂದಳು ಅನಂತಲಕ್ಷ್ಮಿ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ನನಗೊದಗಿದ ಭಾಗ್ಯಗಳನ್ನು ಏನೆಂದು ಹೊಗಳಲಿ! ನನ್ನ ಸೊಂಟವೂ ಗಿರಣಿಯ ಕುರ್ಚಿಯಲ್ಲಿ ಸವೆದದ್ದೇ ಆದರೂ, ಲಕ್ಕಿ ಸೊಪ್ಪಿನ ಶಾಖ ಮೊದಲು ತಮಗೆ, ಆರಿದ ಮೇಲೆ ಉಳಿದದ್ದು ನನಗೆ. ತಮ್ಮ ಮಾತ್ರೆ ತುಪ್ಪದನ್ನದ ತುತ್ತಿನೊಳಗೆ ಕೂತು ಹೋಗುತ್ತದೆ, ನನ್ನದು ಬರೀ ನೀರಿನಲ್ಲಿ. ಅಯ್ಯೋ ಎಂದರೆ, ನಿಮಗೇನು ಬಾಯಿದೆ, ಹೇಳ್ಕೋತೀರಿ, ಅವನಿಗೇನಿದೆ ಎಂಬ ಉತ್ತರ ಬರುತ್ತದೆ. ತಾವು ಜಾರಬಾರದೆಂದು ನಡುಮನೆಯ ಕೆಂಪು ನೆಲದ ತುಂಬ ಗೋಣಿತಾಟು ಹಾಸಿದೆ. ಅದನ್ನೆಡವಿ ನಾನು ಬಿದ್ದಾಗ ಒಳಗಿಂದ ಕೇಳಿಬಂದದ್ದು, ಅವನ ಮೇಲೆ ಬೀಳಲಿಲ್ಲ ತಾನೆ ಎಂದು. ಬೀಳಲಿಲ್ಲ ಎಂದೆ.

ಆದರೆ ಮುಖ್ಯ ದೂರು ಪಂಚೆಯದು. ಟವೆಲು ಹರಿಯಿತು, ಸೀರೆ ಜಾರಿತು. ಕೊನೆಗೆ ಮಾವನವರು ಧಾರೆಗೆಂದು ಉಡಿಸಿದ್ದ ಜರಿಯಂಚಿನ ಪಂಚೆ ಟ್ರಂಕಿನಿಂದೆದ್ದು ಬಂದು ತಮ್ಮ ಹೊಟ್ಟೆಯಡಿ ಸೇರಿತು. ಅದರ ಒಂದು ತುದಿ ನನಗೆ, ಇನ್ನೊಂದು ಅನಂತಲಕ್ಷ್ಮಿಗೆ. ಸ್ವಾಮೀ, ನಮ್ಮಲ್ಲಿ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ನಡೆಯುವುದು ರೂಢಿ. ಮದುವೆಯಾದಂದಿನಿಂದ ಮಾರ್ಕೆಟ್ಟಿಗೂ ಬೀಗರ ಮನೆಗೂ ಹಾಗೆಯೇ ಹೋಗಿ ಬಂದಿದ್ದೇವೆ. ಮಾತಾಡಬೇಕಾದರೆ ನಾನು ನಿಂತು ಹಿಂತಿರುಗಬೇಕಿತ್ತು, ಆದ್ದರಿಂದ ಮಾತಾಡುತ್ತಿರಲಿಲ್ಲ. ಈಗ ನಾನು ಮುಂದೆ ಹೋದರೆ ತಮ್ಮ ಸೊಂಟ ತಿರುಚುತ್ತದೆಂದು ಇಬ್ಬರೂ ಒಂದೇ ಸಾಲಿನಲ್ಲಿ, ಹಾಡುಹಗಲಲ್ಲಿ, ಮಾಗಡಿ ರಸ್ತೆಯವರೆಗೆ! ಎದುರುಮನೆಯ ಕಮಲಾಕ್ಷಮ್ಮ ಗೇಟಿಗೆ ಬಂದು, ಧಾರೆ ಮಂಟಪದಿಂದ ಈಗ ಎದ್ದು ಬಂದಿರಾ ಎಂದು ವಿಚಾರಿಸಿದರು. ನಾಚಿಕೆಯಿಂದ ಸತ್ತೇ ಹೋದೆ.

ಈ ಮೆರವಣಿಗೆಯಲ್ಲಿ ನನಗೆ ಬೇಡದ ಸಂಗತಿಗಳೆಲ್ಲ ತಿಳಿದವು. ನನಗಾಗಿ ವಾರವಾರವೂ ಮಾಡುವ ಹಾಗಲಕಾಯಿ ಗೊಜ್ಜು ಅವಳಿಗೆ ಮೊದಲಿನಿಂದಲೂ ಸೇರದಂತೆ. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ ಕದ್ದು ತುಳಿದು ಬೇಲಿಗೆ ಬಿದ್ದಿದ್ದಳಂತೆ. ಒಂದು ಸಂಜೆ ತಮ್ಮ ಕಾಲು ಮತ್ತೆ ಮಡಿಚಿ ಹೋದಾಗ, ರಸ್ತೆಯಲ್ಲೇ ಕೂತು ತಮ್ಮ ತಲೆ ನೇವರಿಸುತ್ತ ಅಂದಳು: "ಇವನು ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ, ಹೇಳ್ರೀ." ನಾನು ಪಂಚೆಯ ತುದಿ ಹಿಡಿದುಕೊಂಡೇ ಅವಳ ಪಕ್ಕದಲ್ಲಿ ರಸ್ತೆಯ ಮೇಲೆ ಕೂತೆ.

ಇಂತಿರುವಲ್ಲಿ, ದೀಪಾವಳಿಗೆ ಇನ್ನೂ ವಾರವಿರುವಾಗಲೇ, ಮೊನ್ನೆ ತಾವು ಯಾರ ಅಪ್ಪಣೆಯನ್ನೂ ಕೇಳದೆ ಎದ್ದು, ಹಾಲಿನವನ ಸೈಕಲ್ಲನ್ನು ತಿರುವಿನವರೆಗೂ ಅಟ್ಟಿಸಿಕೊಂಡು ಹೋದಿರಿ. ಅನಂತಲಕ್ಷ್ಮಿ ಅತ್ತಳು, ನಾನೂ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ. ಆಮೇಲೆ ಪಂಚೆಯನ್ನು ಒಗೆದು, ಮಡಿಸಿ, ನುಸಿಗುಳಿಗೆಯ ಜೊತೆ ಟ್ರಂಕಿಗೆ ಹಾಕಿದಳು. ಸಂಜೆ ತಾವು ಬಾಲವೆತ್ತಿ ಮುಂದೆ, ನಾನು ಹಿಂದೆ, ಅವಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ. ಬರಲಿ ಎಂದು ನಾನು ನಿಂತರೆ ಅವಳೂ ನಿಂತಳು. ಯಾಕ್ರೀ, ಸೊಂಟ ಹಿಡಿಯಿತಾ ಎಂದು ಅಲ್ಲಿಂದಲೇ ಕೇಳಿದಳು. ನನಗೆ ಬಹಳ ಬೇಸರವಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕಳಕಳಿಯ ಪ್ರಾರ್ಥನೆ: ನೋವು ತಮಗೆ ಎಂದೆಂದಿಗೂ ಬಾರದಿರಲಿ, ಆದರೆ ಸಂಜೆ ಮಾತ್ರ, ನಮ್ಮ ಗೇಟಿನಿಂದ ಮಾಗಡಿ ರಸ್ತೆಯವರೆಗೆ, ತಾವು ದಯವಿಟ್ಟು ಕುಂಟಬೇಕು.

ತಮ್ಮ ಎಂಜಲು ಶಾಖದಲ್ಲೇ ಬದುಕಿರುವ,
ತಮ್ಮ ವಿಶ್ವಾಸಿ,
ವೆಂಕಟಗಿರಿ

ವಿ.ಸೂ.: ನೋವಿಲ್ಲದೆ ಕುಂಟುವುದು ಹೇಗೆಂದು ತಮಗೆ ಹೇಳಿಕೊಡಬೇಕಾಗಿಲ್ಲ, ಸ್ನಾನದ ದಿನ ತಾವು ನಾಲ್ಕು ಕಾಲಲ್ಲೂ ಕುಂಟುವುದನ್ನು ಕಣ್ಣಾರೆ ನೋಡಿದ್ದೇನೆ. ಇಷ್ಟಾಗಿಯೂ ಒಲ್ಲೆನೆಂದರೆ ನಾಳೆಯಿಂದ ನಾನೇ ಕುಂಟುತ್ತೇನೆ. ಪಂಚೆ ಹೇಗೂ ನನ್ನದೇ.